ಸೇ–ಟೆಲ್, ಸೀ–ಲುಕ್–ವಾಚ್, ಲೈ–ಲೇ: ನಿಘಂಟಿನಲ್ಲಿ ಒಂದೇ ಅರ್ಥ, ಬಳಸುವಾಗ ಬೇರೆ. ಗುರುತಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಬರೆಯಲು ಕುಳಿತಾಗ ಯಾವ ಕ್ರಿಯಾಪದ ಹಾಕಬೇಕು ಎಂಬಲ್ಲಿ ಕೈ ತಡೆಯುತ್ತದೆ. ನಿಘಂಟು ತೆರೆದರೆ ಸೇ ಎಂದರೂ ಹೇಳು, ಟೆಲ್ ಎಂದರೂ ಹೇಳು. ಸೀ, ಲುಕ್, ವಾಚ್ ಮೂರಕ್ಕೂ ನೋಡು. ಹಿಯರ್, ಲಿಸನ್ ಎರಡಕ್ಕೂ ಕೇಳು. ರೈಜ್–ರೇಜ್, ಲೈ–ಲೇ, ಲೆಂಡ್–ಬಾರೋ, ಡೂ–ಮೇಕ್ ಕತೆಯೂ ಇಷ್ಟೇ. ಜೋಡಿಗಳ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಬಾಯಿಪಾಠ ಮಾಡಿದರೆ ಒಂದು ವಾರ ನೆನಪಿರುತ್ತದೆ, ಆಮೇಲೆ ಯಾವುದು ಯಾವ ಕಡೆಯದು ಎಂದು ಮತ್ತೆ ಅದಲುಬದಲಾಗುತ್ತದೆ. ವಾಕ್ಯ ಬರೆಯುವ ಹೊತ್ತಿಗೇ ಇದು ಸರಿ, ಇದು ತಪ್ಪು ಎಂದು ಒರೆಗೆ ಹಚ್ಚಲು ಏನಾದರೂ ದಾರಿ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1

ದಾರಿ ಇದೆ, ಅದರಲ್ಲಿ ಅರ್ಧ ನಿಮ್ಮ ಕನ್ನಡದಲ್ಲೇ ಇದೆ. ನಿಘಂಟು ಜಾಗ ಉಳಿಸಲು ಹಿಯರ್, ಲಿಸನ್ ಎರಡಕ್ಕೂ 'ಕೇಳು' ಎಂದು ಬರೆದುಬಿಡುತ್ತದೆ. ಆದರೆ ಮಾತಾಡುವಾಗ ನಾವು ಇವೆರಡನ್ನೂ ಒಂದೇ ಮಾಡುವುದಿಲ್ಲ. 'ನನಗೆ ಸದ್ದು ಕೇಳಿಸಿತು' ಅನ್ನುತ್ತೇವೆ, 'ನಾನು ಹಾಡು ಕೇಳಿದೆ' ಅನ್ನುತ್ತೇವೆ. ಮೊದಲನೆಯದರಲ್ಲಿ ನೀವು ಏನೂ ಮಾಡಿಲ್ಲ, ಸದ್ದು ತಾನಾಗಿ ಕಿವಿಗೆ ಬಿತ್ತು. ಅದು ಹಿಯರ್. ಎರಡನೆಯದರಲ್ಲಿ ಕಿವಿಗೊಟ್ಟಿರಿ. ಅದು ಲಿಸನ್.

ಒರೆಗಲ್ಲು ಇದು: ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. 'ನನಗೆ' ಎಂದು ಶುರುವಾಗಿ 'ಕೇಳಿಸು', 'ಕಾಣಿಸು' ಎಂದು ಮುಗಿದರೆ ಹಿಯರ್, ಸೀ. 'ನಾನು' ಎಂದು ಶುರುವಾಗಿ 'ಕೇಳು', 'ನೋಡು' ಎಂದು ಮುಗಿದರೆ ಲಿಸನ್, ಲುಕ್, ಇಲ್ಲವೇ ವಾಚ್. ಫೋನಿನಲ್ಲಿ ದನಿ ಬರುತ್ತಿಲ್ಲ ಅಂದುಕೊಳ್ಳಿ. ಕನ್ನಡದಲ್ಲಿ 'ಕೇಳಿಸ್ತಾ ಇಲ್ಲ' ಅನ್ನುತ್ತೀರಿ, ಹಾಗಾಗಿ 'ಐ ಕಾಂಟ್ ಹಿಯರ್ ಯು'. ಇದೇ ಜಾಗದಲ್ಲಿ 'ಐ ಆಮ್ ನಾಟ್ ಲಿಸನಿಂಗ್' ಅಂದರೆ 'ನೀವು ಹೇಳೋದಕ್ಕೆ ನಾನು ಕಿವಿಗೊಡ್ತಾ ಇಲ್ಲ' ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಎದುರಿನವರಿಗೆ ಒರಟಾಗಿ ಕೇಳಿಸುತ್ತದೆ. ಈ ಜೋಡಿಯಲ್ಲಿ ತೀರಾ ದುಬಾರಿಯಾದ ತಪ್ಪು ಇದೇ.

ಇದರ ಜೊತೆ ಎರಡು ವಿಷಯ ಅಂಟಿಕೊಂಡಿವೆ. ತಾನಾಗಿ ಆಗುವ ಹಿಯರ್, ಸೀ ಇವಕ್ಕೆ ಸಾಮಾನ್ಯವಾಗಿ ಇಂಗ್ ರೂಪ ಹಚ್ಚುವುದಿಲ್ಲ, ಬದಲಿಗೆ ಕ್ಯಾನ್ ಸೇರಿಸುತ್ತಾರೆ. 'ನನಗೆ ಬೆಟ್ಟ ಕಾಣಿಸ್ತಿದೆ' ಅಂದರೆ 'ಐ ಕ್ಯಾನ್ ಸೀ ದ ಹಿಲ್', 'ಐ ಆಮ್ ಸೀಯಿಂಗ್ ದ ಹಿಲ್' ಅಲ್ಲ. ಸೀಯಿಂಗ್ ಬಂದರೆ ಭೇಟಿ ಎಂಬ ಅರ್ಥ ಬರುತ್ತದೆ: 'ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೋ'. ಎರಡನೆಯದು, ಬೇಕೆಂದೇ ಮಾಡುವ ಲಿಸನ್, ಲುಕ್ ಇವು ನೇರವಾಗಿ ವಸ್ತುವನ್ನು ಹಿಡಿಯುವುದಿಲ್ಲ. ಲಿಸನ್ ಟು, ಲುಕ್ ಅಟ್ ಆಗಬೇಕು. 'ಲಿಸನ್ ದ ಸಾಂಗ್', 'ಲುಕ್ ದ ಬೋರ್ಡ್' ಎರಡೂ ತಪ್ಪು. ಹಿಯರ್, ಸೀ, ವಾಚ್ ಮೂರಕ್ಕೆ ಈ ಕೊಂಡಿ ಬೇಡ.

ಲುಕ್, ವಾಚ್ ಬೇರೆ ಮಾಡುವುದಕ್ಕೆ ಮಾತ್ರ ಕನ್ನಡದ ಸಹಾಯ ಕಡಿಮೆ. ಅಲ್ಲಿ ಕೇಳಿಕೊಳ್ಳಬೇಕಾದದ್ದು: ನೋಡುತ್ತಿರುವುದು ಚಲಿಸುತ್ತಿದೆಯೇ, ಏನಾಗುತ್ತದೋ ಎಂದು ಸ್ವಲ್ಪ ಹೊತ್ತು ಕಣ್ಣಿಟ್ಟಿದ್ದೀರಾ? ಹಾಗಾದರೆ ವಾಚ್. ಪಂದ್ಯ, ಟಿವಿ, ಆಡುತ್ತಿರುವ ಮಗು, ಒಲೆಯ ಮೇಲೆ ಉಕ್ಕಲಿರುವ ಹಾಲು, ಇವೆಲ್ಲ ವಾಚ್. ಫೋಟೋ, ನಕ್ಷೆ, ಗಡಿಯಾರದ ಮುಳ್ಳು ಲುಕ್ ಅಟ್. ಸಿನಿಮಾಕ್ಕೆ ಸೀ, ವಾಚ್ ಎರಡೂ ನಡೆಯುತ್ತವೆ. ಟಿವಿ ನೋಡುತ್ತಾ ಕೂರುವುದು 'ವಾಚ್ ಟಿವಿ'ಯೇ, ಆದರೆ ಯಾವುದೋ ಸುದ್ದಿ ಟಿವಿಯಲ್ಲಿ ಕಣ್ಣಿಗೆ ಬಿತ್ತು ಅನ್ನುವುದಾದರೆ 'ಐ ಸಾ ಇಟ್ ಆನ್ ಟಿವಿ'.

'ನೋಡು' ಬಂದಲ್ಲೆಲ್ಲ ಕಣ್ಣಿನ ಕೆಲಸವೇ ಇರುತ್ತದೆ ಎಂದೂ ಅಂದುಕೊಳ್ಳಬೇಡಿ. 'ಒಂದ್ಸಲ ಮಾಡಿ ನೋಡು' ಅಂದರೆ ಟ್ರೈ. 'ಮಗೂನ ನೋಡ್ಕೋ' ಅಂದರೆ ಲುಕ್ ಆಫ್ಟರ್. 'ಕೆಲಸ ನೋಡ್ತಾ ಇದ್ದಾನೆ' ಅಂದರೆ ಹುಡುಕುತ್ತಿದ್ದಾನೆ, ಲುಕಿಂಗ್ ಫಾರ್. 'ಕೇಳು' ಕೂಡ ಹೀಗೇ, ಅದಕ್ಕೆ ಆಸ್ಕ್ ಎಂಬ ಮೂರನೆಯ ಮುಖವಿದೆ. 'ದಾರಿ ಕೇಳಿದ' ಅಂದರೆ 'ಹೀ ಆಸ್ಕ್ಡ್ ದ ವೇ', 'ಹಣ ಕೇಳಿದ' ಅಂದರೆ 'ಹೀ ಆಸ್ಕ್ಡ್ ಫಾರ್ ಮನಿ'. ವಿಷಯ ತಿಳಿಯಲು ಕೇಳಿದರೆ ಬರೀ ಆಸ್ಕ್, ವಸ್ತು ಕೊಡಿ ಎಂದು ಕೇಳಿದರೆ ಆಸ್ಕ್ ಫಾರ್.

ಉತ್ತರ 2

ಮೇಲಿನವರು ಕೇಳು, ನೋಡು ಚೆನ್ನಾಗಿ ಬಿಡಿಸಿದ್ದಾರೆ. 'ಹೇಳು' ವಿಷಯಕ್ಕೆ ಬರುತ್ತೇನೆ. ಇಲ್ಲಿ ಅರ್ಥ ಹಿಡಿದು ಹೋದರೆ ದಾರಿ ತಪ್ಪುತ್ತದೆ. ಕ್ರಿಯಾಪದದ ಪಕ್ಕದಲ್ಲಿ ಏನು ಕೂರುತ್ತದೆ ಅನ್ನುವುದನ್ನೇ ನೋಡಬೇಕು.

ಟೆಲ್ ಪಕ್ಕದಲ್ಲಿ ಮನುಷ್ಯ ಕೂರುತ್ತಾನೆ, ಸೇ ಪಕ್ಕದಲ್ಲಿ ಮಾತು ಕೂರುತ್ತದೆ. 'ಹೀ ಟೋಲ್ಡ್ ಮೀ', 'ಹೀ ಸೆಡ್ ಸಾರಿ'. 'ಹೀ ಸೆಡ್ ಮೀ' ಅನ್ನಲಾಗದು, ಏಕೆಂದರೆ ಸೇ ಪಕ್ಕ ಮನುಷ್ಯನನ್ನು ನೇರವಾಗಿ ಕೂರಿಸಿದ್ದೀರಿ. 'ಹೀ ಟೋಲ್ಡ್ ಟು ಮೀ' ಅನ್ನಲಾಗದು, ಏಕೆಂದರೆ ಟೆಲ್ ಮತ್ತು ಮನುಷ್ಯನ ನಡುವೆ ಯಾವ ಕೊಂಡಿಯೂ ಬೇಡ. ಕನ್ನಡದಲ್ಲಿ 'ನನಗೆ ಹೇಳಿದ' ಎಂದು 'ಗೆ' ಬರುವುದರಿಂದ ಕೈ ತಾನಾಗಿ ಟು ಬರೆಯುತ್ತದೆ. ತಪ್ಪಿನ ಮೂಲ ಆ 'ಗೆ'. ಸೇ ಜೊತೆ ಮನುಷ್ಯನನ್ನು ತರಲೇಬೇಕಾದರೆ ಮಾತು ಮೊದಲು, ಆಮೇಲೆ ಟು: 'ಹೀ ಸೆಡ್ ಗುಡ್‌ಬೈ ಟು ಮೀ'.

ಹೀಗೆ ಮಾಡು ಎಂದು ಹೇಳುವುದಿದ್ದರೆ ಟೆಲ್ ಹಾಕಿ: 'ಶೀ ಟೋಲ್ಡ್ ಮೀ ಟು ವೇಟ್'. ಇದನ್ನು 'ಸೆಡ್ ಮೀ ಟು ವೇಟ್' ಮಾಡಲಾಗದು.

ಟೆಲ್ ಪಕ್ಕದಲ್ಲಿ ಮನುಷ್ಯ ಇಲ್ಲದ ಕೆಲವು ಕಟ್ಟುಗಳೂ ಇವೆ. ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ, ಟೆಲ್ ಎ ಜೋಕ್, ಟೆಲ್ ದ ಟೈಮ್, ಟೆಲ್ ದ ಡಿಫರೆನ್ಸ್. ಇವನ್ನು ನಿಯಮಕ್ಕೆ ತುರುಕದೆ ಇದ್ದ ಹಾಗೇ ಕಲಿಯುವುದು ಒಳ್ಳೆಯದು. ಕೊನೆಯದರಲ್ಲಂತೂ ಟೆಲ್ ಅಂದರೆ ಹೇಳುವುದೇ ಅಲ್ಲ, ಗುರುತಿಸುವುದು.

ಈ 'ಗೆ' ತೊಂದರೆ ಇನ್ನೂ ನಾಲ್ಕು ಕಡೆ ಕಾಡುತ್ತದೆ, ಒಟ್ಟಿಗೇ ನೋಡಿಬಿಡಿ. 'ನನಗೆ ವಿವರಿಸಿ' ಅಂದರೆ 'ಎಕ್ಸ್‌ಪ್ಲೇನ್ ಇಟ್ ಟು ಮೀ'. ಇಲ್ಲಿ ಟು ಬೇಕೇ ಬೇಕು, 'ಎಕ್ಸ್‌ಪ್ಲೇನ್ ಮೀ' ತಪ್ಪು. 'ನನಗೆ ಸೂಚಿಸಿದರು' ಎಂಬುದನ್ನು 'ಸಜೆಸ್ಟೆಡ್ ಮೀ ಟು ವೇಟ್' ಮಾಡಲಾಗದು. 'ಸಜೆಸ್ಟೆಡ್ ದಟ್ ಐ ವೇಟ್' ಎನ್ನಿ, ಇಲ್ಲವೇ ಕ್ರಿಯಾಪದವನ್ನೇ ಬದಲಿಸಿ 'ಅಡ್ವೈಸ್ಡ್ ಮೀ ಟು ವೇಟ್' ಎನ್ನಿ. ಆಸ್ಕ್ ಪೂರ್ತಿ ಟೆಲ್ ಹಾಗೆ, ಪಕ್ಕದಲ್ಲಿ ಮನುಷ್ಯ, ಟು ಬೇಡ: 'ಹೀ ಆಸ್ಕ್ಡ್ ಮೀ'. ಡಿಸ್ಕಸ್ ಮುಂದೆ 'ಬಗ್ಗೆ' ಎಂಬ ಅರ್ಥದ ಅಬೌಟ್ ಬೇಡ. ಕನ್ನಡದಲ್ಲಿ 'ಯೋಜನೆಯ ಬಗ್ಗೆ ಚರ್ಚಿಸೋಣ' ಸರಿ, ಇಂಗ್ಲಿಷಿನಲ್ಲಿ 'ಲೆಟ್ ಅಸ್ ಡಿಸ್ಕಸ್ ದ ಪ್ಲಾನ್' ಅಷ್ಟೇ. ಅಬೌಟ್ ಬೇಕೆನಿಸಿದರೆ ಟಾಕ್ ಬಳಸಿ, ಅದರ ಜೊತೆ ಚೆನ್ನಾಗಿ ಹೊಂದುತ್ತದೆ.

ಸ್ಪೀಕ್, ಟಾಕ್ ಎರಡರ ನಡುವಿನ ಗೋಡೆ ತೆಳು. ಭಾಷೆಯ ಹೆಸರು ಬಂದರೆ ಸ್ಪೀಕ್: 'ಸ್ಪೀಕ್ ಕನ್ನಡ'. ವೇದಿಕೆ, ಸಭೆ, ಫೋನಿನಲ್ಲಿ 'ಇಂಥವರ ಜೊತೆ ಮಾತಾಡಬಹುದೇ' ಎಂಬ ವಿನಯ ಬಂದರೂ ಸ್ಪೀಕ್. ಇಬ್ಬರು ಕುಳಿತು ಹರಟಿದರೆ ಟಾಕ್. ಇಷ್ಟು ಸಾಕು. ಸ್ನೇಹಿತರ ನಡುವಿನ ಮಾತಿಗೆ ಸ್ಪೀಕ್ ಹಾಕಿದರೆ ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ, ತಪ್ಪಾಗುವುದಿಲ್ಲ.

ಉತ್ತರ 3

ರೈಜ್–ರೇಜ್, ಲೈ–ಲೇ ಎಂದು ಕೇಳಿದ್ದೀರಿ. ಇವು ಕಷ್ಟ ಎಂದು ಹೆದರಿಸುತ್ತಾರೆ, ಆದರೆ ಕನ್ನಡಿಗರಿಗೆ ಇವು ಉಳಿದವರಿಗಿಂತ ಸುಲಭವಾಗಬೇಕು. ಕಾರಣ ನಮ್ಮ 'ಇಸು'.

ಏರು–ಏರಿಸು. ಮಲಗು–ಮಲಗಿಸು. ಕಲಿ–ಕಲಿಸು. ಬೀಳು–ಬೀಳಿಸು. ತಾನೇ ಮಾಡಿದರೆ ಮೊದಲನೆಯದು, ಇನ್ನೊಂದಕ್ಕೆ ಮಾಡಿಸಿದರೆ ಎರಡನೆಯದು. ಇಂಗ್ಲಿಷಿನ ಜೋಡಿಗಳೂ ಹೀಗೇ: ರೈಜ್ ಅಂದರೆ ಏರು, ರೇಜ್ ಅಂದರೆ ಏರಿಸು. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು. ಸಿಟ್ ಅಂದರೆ ಕೂರು, ಸೀಟ್ ಅಂದರೆ ಕೂರಿಸು. ಲರ್ನ್ ಕಲಿ, ಟೀಚ್ ಕಲಿಸು. ಇದು ಕಾಕತಾಳೀಯವಲ್ಲ. ಇಂಗ್ಲಿಷ್ ಹುಟ್ಟಿದ ಜರ್ಮ್ಯಾನಿಕ್ ಭಾಷಾಕುಟುಂಬದಲ್ಲಿ ನಮ್ಮ ಇಸುವಿನಂಥದೇ ಒಂದು ಪ್ರತ್ಯಯ ಇತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದುಹೋಯಿತು, ಆದರೆ ಹೋಗುವಾಗ ಧಾತುವಿನ ಸ್ವರವನ್ನು ಬದಲಿಸಿ ಹೋಯಿತು. ಅದಕ್ಕೇ ಲೈ–ಲೇ, ಫಾಲ್–ಫೆಲ್, ಸಿಟ್–ಸೆಟ್ ಜೋಡಿಗಳಲ್ಲಿ ವ್ಯಂಜನ ಹೆಚ್ಚುಕಡಿಮೆ ಅದೇ, ಸ್ವರ ಮಾತ್ರ ಬೇರೆ. ರೇಜ್ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ, ಅಲ್ಲಿಯೂ ಅದು 'ಏಳು' ಎಂಬ ಧಾತುವಿನ 'ಏಳಿಸು' ರೂಪವೇ.

ಹಾಗಾಗಿ ಬರೆಯುವ ಮೊದಲು ಕನ್ನಡದಲ್ಲಿ ಹೇಳಿ, 'ಇಸು' ಬಂತೇ ನೋಡಿ. ಬೆಲೆ ಏರಿತು: 'ಪ್ರೈಸಸ್ ರೋಜ್'. ಬೆಲೆ ಏರಿಸಿದರು: 'ದೇ ರೇಜ್ಡ್ ಪ್ರೈಸಸ್'. ಇಸು ಬಂದರೆ ಯಾವುದನ್ನು ಎಂಬ ಪ್ರಶ್ನೆಗೆ ಉತ್ತರ ವಾಕ್ಯದಲ್ಲಿ ಇರಲೇಬೇಕು. ನಮ್ಮ ವ್ಯಾಕರಣದ ಮಾತಲ್ಲಿ ಅದು ಕರ್ಮಪದ. ರೈಜ್‌ಗೆ ಕರ್ಮ ಬೇಡ, ರೇಜ್‌ಗೆ ಬೇಕು.

ಗೊಂದಲ ಹುಟ್ಟುವುದು ಅರ್ಥದಿಂದಲ್ಲ, ಭೂತಕಾಲದ ರೂಪಗಳಿಂದ. ರೈಜ್ ಹೀಗೆ: ರೈಜ್, ರೋಜ್, ರಿಜನ್. ರೇಜ್ ಸರಳ: ರೇಜ್, ರೇಜ್ಡ್, ರೇಜ್ಡ್. ಇಲ್ಲಿಯವರೆಗೆ ಸಲೀಸು. ಲೈ ಮಾತ್ರ ಜಾರುವ ಜಾಗ, ಅದರ ಮುಂದೆ ನಿಂತು ನೋಡಬೇಕು:

ಮಲಗು ಎಂಬ ಲೈ: ಲೈ, ಲೇ, ಲೇನ್, ಲೈಯಿಂಗ್.
ಮಲಗಿಸು, ಇಡು ಎಂಬ ಲೇ: ಲೇ, ಲೇಡ್, ಲೇಡ್, ಲೇಯಿಂಗ್.
ಸುಳ್ಳು ಹೇಳು ಎಂಬ ಲೈ: ಲೈ, ಲೈಡ್, ಲೈಡ್, ಲೈಯಿಂಗ್.

ಮೊದಲ ಸಾಲಿನ ಎರಡನೆಯ ಪದ, ಎರಡನೆಯ ಸಾಲಿನ ಮೊದಲ ಪದ ಎರಡೂ ಲೇ. ಇಡೀ ರಗಳೆ ಹುಟ್ಟುವುದು ಈ ಒಂದು ಡಿಕ್ಕಿಯಿಂದ. 'ನಿನ್ನೆ ಇಡೀ ದಿನ ಮಲಗಿದ್ದೆ' ಅಂದರೆ 'ಐ ಲೇ ಇನ್ ಬೆಡ್ ಆಲ್ ಡೇ ಯೆಸ್ಟರ್‌ಡೇ'. ನೋಡಿದರೆ ವರ್ತಮಾನದ ಹಾಗೆ ಕಾಣುತ್ತದೆ, ಆದರೆ ಅದು ಭೂತಕಾಲ. ಅನುಮಾನ ಬಂದಾಗ ಮೂರು ಸಾಲನ್ನೂ ಮನಸ್ಸಿನಲ್ಲಿ ಓಡಿಸಬೇಡಿ. ಮೊದಲು ಇಸು ಇದೆಯೇ ನೋಡಿ ಸಾಲನ್ನು ಆರಿಸಿ, ಆಮೇಲೆ ಆ ಸಾಲಿನೊಳಗೆ ಮಾತ್ರ ಕಾಲವನ್ನು ಹುಡುಕಿ. ಲೇಡ್ ಬರೆಯುವಾಗ ಎಲ್, ಎ, ಐ, ಡಿ. ವೈ ಉಳಿಸಿಕೊಂಡು ಇಡಿ ಹಚ್ಚಬಾರದು.

ಇಂಗ್ಲಿಷ್ ಮನೆಮಾತಾಗಿರುವವರೂ ಆಡುವಾಗ 'ಲೇಯಿಂಗ್ ಡೌನ್' ಅನ್ನುವುದು ಧಾರಾಳವಾಗಿ ಕಿವಿಗೆ ಬೀಳುತ್ತದೆ. ಮಾತಿನಲ್ಲಿ ಹೋಗುತ್ತದೆ, ಬರಹದಲ್ಲಿ ಮತ್ತು ಪರೀಕ್ಷೆಯಲ್ಲಿ ತಪ್ಪೆಂದೇ ಎಣಿಸುತ್ತಾರೆ.

ಒಂದು ಎಚ್ಚರಿಕೆ. 'ಬೀಳಿಸು' ಎಂದಾಕ್ಷಣ ಫೆಲ್ ಹಾಕಬೇಡಿ. ಬೀಳಿಸು ಎಂಬ ಅರ್ಥದ ಫೆಲ್ ಈಗ ಉಳಿದಿರುವುದು ಮುಖ್ಯವಾಗಿ ಮರ ಉರುಳಿಸುವುದಕ್ಕೆ. ಅದರ ಭೂತಕಾಲ ಫೆಲ್ಡ್. ಕೈಯಿಂದ ಲೋಟ ಬೀಳಿಸಿದರೆ ಡ್ರಾಪ್. ಮೇಜಿನ ಮೇಲಿದ್ದುದಕ್ಕೆ ಕೈ ತಗಲಿ ಬೀಳಿಸಿದರೆ ನಾಕ್ ಓವರ್.

ಉತ್ತರ 4

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ: ಇಸು ಕಂಡಲ್ಲೆಲ್ಲ 'ಮಾಡಿಸು' ಎಂಬ ಅರ್ಥ ಇರುವುದಿಲ್ಲ. ಪ್ರೀತಿಸು, ಚರ್ಚಿಸು, ಸಾಧಿಸು ಇವುಗಳಲ್ಲಿ ಇಸು ಬಂದಿರುವುದು ಸಂಸ್ಕೃತದ ಪದವನ್ನು ಕ್ರಿಯಾಪದ ಮಾಡಿಕೊಳ್ಳಲು ಅಷ್ಟೇ. ಕಾಣಿಸು, ಕೇಳಿಸು ಎಂಬಲ್ಲಿ ಅದು ತಾನಾಗಿ ಆಗುವುದನ್ನು ಹೇಳುತ್ತದೆ, ಮೊದಲ ಉತ್ತರದಲ್ಲಿ ಇರುವ ಹಾಗೆ. ಹಾಗಾಗಿ ಇಸು ತೆಗೆದು ನೋಡಿ. ಏರಿಸು ಇಂದ 'ಏರು' ಉಳಿಯುತ್ತದೆ, ಅದೂ ಜೀವಂತ ಕ್ರಿಯಾಪದ. 'ಪ್ರೀತಿ' ಉಳಿದರೆ ಅದು ನಾಮಪದ, ಅಲ್ಲಿ ಈ ಪರೀಕ್ಷೆ ಹೂಡಬೇಡಿ. ಇಂಗ್ಲಿಷಿನಲ್ಲೂ ಒಂದೇ ಪದ ಎರಡು ಕೆಲಸ ಮಾಡುವುದುಂಟು. ಓಪನ್, ಬ್ರೇಕ್, ಸ್ಟಾಪ್, ಗ್ರೋ, ಇನ್‌ಕ್ರೀಸ್ ಇವಕ್ಕೆ ತೆರೆಯಿತು, ತೆರೆದ ಎಂಬ ಭೇದವೇ ಇಲ್ಲ. ರೈಜ್–ರೇಜ್ ನಡುವೆ ಗೊಂದಲವಾದ ಗಳಿಗೆಯಲ್ಲಿ, ಮಾತು ಬೆಲೆಯದೋ ಸಂಖ್ಯೆಯದೋ ಆಗಿದ್ದರೆ, ಇನ್‌ಕ್ರೀಸ್ ಹಾಕಿ ಪಾರಾಗಬಹುದು. ಕೈ ಎತ್ತಲು, ಸೂರ್ಯ ಏಳಲು ಅದು ಬರುವುದಿಲ್ಲ.

ಸೇರ್ಪಡೆ: ಇಸುವಿನಷ್ಟೇ ಉಪಕಾರಿ ನಮ್ಮ 'ಕೊಳ್ಳು'. ಕೆಲಸದ ಫಲ ಮಾಡಿದವನ ಕಡೆಗೇ ತಿರುಗಿದೆ ಎಂದು ಅದು ಹೇಳುತ್ತದೆ. ನೆನಪಿಸು ಅಂದರೆ ರಿಮೈಂಡ್, ನೆನಪಿಸಿಕೊ ಅಂದರೆ ರಿಮೆಂಬರ್. 'ರಿಮೆಂಬರ್ ಮೀ ಟು ಬ್ರಿಂಗ್ ದ ಕೀ' ಎಂದು ಬರೆಯುವವರು ಇವೆರಡನ್ನೂ ಬೆರೆಸುತ್ತಾರೆ, 'ನನಗೆ ನೆನಪಿಸಿ' ಅಂದರೆ 'ರಿಮೈಂಡ್ ಮೀ'. ತಪ್ಪಿಸು ಅಂದರೆ ಪ್ರಿವೆಂಟ್, ಆಗಲು ಬಿಡದಿರುವುದು. ತಪ್ಪಿಸಿಕೊ ಅಂದರೆ ಅವಾಯ್ಡ್, ದೂರ ಉಳಿಯುವುದು. ಸಿಕ್ಕಿಬಿದ್ದ ಜಾಗದಿಂದ ಪಾರಾದರೆ ಎಸ್ಕೇಪ್. ಸಾಲ ಕೊಡು ಅಂದರೆ ಲೆಂಡ್, ಸಾಲ ತೆಗೆದುಕೊ ಅಂದರೆ ಬಾರೋ. 'ಕ್ಯಾನ್ ಯು ಲೆಂಡ್ ಮೀ ಯುವರ್ ಪೆನ್', 'ಕ್ಯಾನ್ ಐ ಬಾರೋ ಯುವರ್ ಪೆನ್' ಎರಡೂ ಕೇಳುವುದು ಒಂದೇ ಪೆನ್ನನ್ನು, ಆದರೆ ಕರ್ತೃ ಯಾರು ಎಂಬುದರ ಮೇಲೆ ಪದ ಬದಲಾಯಿತು. ಯು ಕರ್ತೃವಾದರೆ ಅವರು ಕೊಡುತ್ತಾರೆ, ಐ ಕರ್ತೃವಾದರೆ ನಾನು ತೆಗೆದುಕೊಳ್ಳುತ್ತೇನೆ. ಎತ್ತಿಕೊಂಡು ಹೋಗಲಾಗದ ವಸ್ತುವಿಗೆ ಬಾರೋ ಹೊಂದುವುದಿಲ್ಲ, ಯೂಸ್ ಎನ್ನಬೇಕು: 'ಕ್ಯಾನ್ ಐ ಯೂಸ್ ಯುವರ್ ಬಾತ್‌ರೂಮ್'.

ಡೂ–ಮೇಕ್ ಬಗ್ಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ಅಲ್ಲಿ ಕನ್ನಡ ಕೈಹಿಡಿಯುವುದಿಲ್ಲ. ನಮ್ಮ 'ಮಾಡು' ಎಲ್ಲದಕ್ಕೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಇರದಿದ್ದದ್ದು ಏನಾದರೂ ಉಳಿದರೆ ಮೇಕ್, ಬರೀ ಕೆಲಸ ನಡೆದರೆ ಡೂ ಎಂಬುದು ಮುಕ್ಕಾಲು ಪಾಲು ಸರಿಹೋಗುವ ಅಳತೆ. ಮೇಕ್ ಎ ಲಿಸ್ಟ್, ಮೇಕ್ ಎ ಮಿಸ್ಟೇಕ್, ಮೇಕ್ ಎ ನಾಯ್ಸ್, ಮೇಕ್ ಮನಿ. ಡೂ ಹೋಮ್‌ವರ್ಕ್, ಡೂ ದ ಡಿಶಸ್, ಡೂ ಬಿಸಿನೆಸ್, ಡೂ ರಿಸರ್ಚ್, ಡೂ ಯುವರ್ ಬೆಸ್ಟ್. ಉಳಿದ ಕಾಲು ಪಾಲಿಗೆ ನಿಯಮ ಹುಡುಕುತ್ತಾ ಕೂರಬೇಡಿ. ಇನ್ನೂ ಮುಖ್ಯವಾದದ್ದು, ನಾವು ಮಾಡು ಅನ್ನುವ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಡೂ, ಮೇಕ್ ಎರಡೂ ಬರುವುದಿಲ್ಲ. ಊಟ ಮಾಡು ಹ್ಯಾವ್ ಲಂಚ್. ಸ್ನಾನ ಮಾಡು ಹ್ಯಾವ್ ಎ ಬಾತ್ ಅಥವಾ ಟೇಕ್ ಎ ಬಾತ್. ನಿದ್ದೆ ಮಾಡು ಬರೀ ಸ್ಲೀಪ್. ಭಾಷಣ ಮಾಡು ಗಿವ್ ಎ ಸ್ಪೀಚ್. ಅಪರಾಧ ಮಾಡು ಕಮಿಟ್ ಎ ಕ್ರೈಮ್. ಹೊಸ ನಾಮಪದ ಕಲಿತಾಗಲೇ ಅದರ ಜೊತೆಗಾರ ಕ್ರಿಯಾಪದವನ್ನೂ ಸೇರಿಸಿ ಬರೆದಿಡಿ. ಬರೀ 'ಡಿಸಿಷನ್' ಅಲ್ಲ, 'ಮೇಕ್ ಎ ಡಿಸಿಷನ್'.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಅನಂತ ಧನ್ಯವಾದಗಳು. ಇಸು, ಕೊಳ್ಳು ಹಿಡಿದು ನೋಡುವುದು ಹೊಳೆದೇ ಇರಲಿಲ್ಲ. ನೀವೆಲ್ಲ ಹೇಳಿದ್ದನ್ನು ಬಳಸಿ ಆರು ವಾಕ್ಯ ಬರೆದಿದ್ದೇನೆ, ದಯವಿಟ್ಟು ತಿದ್ದಿಕೊಡಿ.

ಅವಳು ನನಗೆ ನಿಜ ಹೇಳಿದಳು: 'ಶೀ ಟೋಲ್ಡ್ ಟು ಮೀ ದ ಟ್ರೂತ್'.
ಮಗು ಸೋಫಾದ ಮೇಲೆ ಮಲಗಿತ್ತು: 'ದ ಚೈಲ್ಡ್ ವಾಸ್ ಲೇಯಿಂಗ್ ಆನ್ ದ ಸೋಫಾ'.
ನಾವು ಅವರನ್ನು ಗೆದ್ದೆವು: 'ವಿ ವನ್ ದೆಮ್'.
ಅವರು ಆರೋಪ ನಿರಾಕರಿಸಿದರು: 'ದೇ ರಿಫ್ಯೂಸ್ಡ್ ದ ಚಾರ್ಜ್'.
ವಿಷಯ ನಿನ್ನೆ ಗೊತ್ತಾಯಿತು: 'ಐ ನ್ಯೂ ಇಟ್ ಯೆಸ್ಟರ್‌ಡೇ'.
ಅವನೇ ಕದ್ದಿದ್ದಾನೆ ಅಂತ ನನಗೆ ಅನುಮಾನ: 'ಐ ಡೌಟ್ ದಟ್ ಹೀ ಸ್ಟೋಲ್ ಇಟ್'.

ಉತ್ತರ 5

ಆರರಲ್ಲೂ ಒಂದೊಂದು ತಪ್ಪಿದೆ. ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ವಾಕ್ಯಗಳು ಸಿಗುವುದಿಲ್ಲ.

ಮೊದಲನೆಯದರಲ್ಲಿ ಕ್ರಿಯಾಪದ ಸರಿಯಾಗಿ ಆರಿಸಿದ್ದೀರಿ, ಟು ತೆಗೆದರೆ ಮುಗಿಯಿತು: 'ಶೀ ಟೋಲ್ಡ್ ಮೀ ದ ಟ್ರೂತ್'. ಎರಡನೆಯದು 'ವಾಸ್ ಲೈಯಿಂಗ್', ಮಗು ತಾನೇ ಮಲಗಿದೆ, ಇಸು ಇಲ್ಲ. ಮಲಗು ಎಂಬುದಕ್ಕೆ ಕನ್ನಡದಲ್ಲಿ ನಿದ್ದೆಯ ಅರ್ಥವೂ ಇದೆ, ಲೈಗೆ ಆ ಅರ್ಥ ಇಲ್ಲ. ಮಗು ನಿದ್ದೆಹೋಗಿತ್ತು ಎಂದೇ ನಿಮ್ಮ ಮನಸ್ಸಿನಲ್ಲಿದ್ದರೆ 'ವಾಸ್ ಸ್ಲೀಪಿಂಗ್' ಬರೆಯಿರಿ.

ಮೂರನೆಯದರಲ್ಲಿ ಕನ್ನಡದ 'ಗೆಲ್ಲು' ಎರಡು ಕಡೆ ಹೋಗುತ್ತದೆ: ಪಂದ್ಯ ಗೆದ್ದೆವು, ಅವರನ್ನು ಗೆದ್ದೆವು. ವಿನ್ ಪಕ್ಕದಲ್ಲಿ ಪಂದ್ಯ, ಬಹುಮಾನ, ಚುನಾವಣೆ ಬರುತ್ತವೆ, ಎದುರಾಳಿ ಬರುವುದಿಲ್ಲ. 'ಸೋಲಿಸಿದೆವು' ಎಂದು ಹೇಳಲಾಗುವ ಕಡೆ ಬೀಟ್: 'ವಿ ಬೀಟ್ ದೆಮ್'. ಅದರ ಭೂತಕಾಲವೂ ಬೀಟ್, ಮೂರನೆಯ ರೂಪ ಬೀಟನ್. ಕದಿಯುವುದರಲ್ಲೂ ಇದೇ ಹಂಚಿಕೆ ಇದೆ: ಸ್ಟೀಲ್ ಪಕ್ಕ ಕದ್ದ ವಸ್ತು, ರಾಬ್ ಪಕ್ಕ ಕಳೆದುಕೊಂಡ ಮನುಷ್ಯ ಅಥವಾ ಜಾಗ. ಫೋನ್ ಸ್ಟೋಲನ್ ಆಗುತ್ತದೆ, ಬ್ಯಾಂಕ್ ರಾಬ್ಡ್ ಆಗುತ್ತದೆ.

ನಾಲ್ಕನೆಯದಕ್ಕೆ ಪತ್ರಿಕಾ ಕನ್ನಡದ 'ನಿರಾಕರಿಸು' ಕಾರಣ. ಆರೋಪ ನಿರಾಕರಿಸಿದರು, ಬರಲು ನಿರಾಕರಿಸಿದರು ಎಂದು ಎರಡಕ್ಕೂ ಅದನ್ನೇ ಬರೆಯುತ್ತಾರೆ. ಆ ಪದ ಬಿಟ್ಟು, ಆ ಮನುಷ್ಯ ಬಾಯಿಬಿಟ್ಟು ಏನು ಅಂದಿರಬಹುದು ಎಂದು ಆಡುಮಾತಿನಲ್ಲಿ ಹೇಳಿ ನೋಡಿ. 'ನಾನು ಮಾಡಲ್ಲ' ಅಂದಿದ್ದರೆ ರಿಫ್ಯೂಸ್. 'ನಾನು ಮಾಡಿಲ್ಲ' ಅಂದಿದ್ದರೆ ಡಿನೈ. ಮಾಡಲ್ಲ, ಮಾಡಿಲ್ಲ, ನಡುವೆ ಒಂದು ಗುಣಿತದ ವ್ಯತ್ಯಾಸ. ಆರೋಪಕ್ಕೆ ಉತ್ತರ 'ಮಾಡಿಲ್ಲ', ಹಾಗಾಗಿ 'ದೇ ಡಿನೈಡ್ ದ ಚಾರ್ಜ್'. ಮುಂದೆ ಬರುವ ರೂಪವೂ ಬೇರೆ ಬೇರೆ: ಇನ್ನೂ ಆಗದ ಕೆಲಸಕ್ಕೆ 'ರಿಫ್ಯೂಸ್ಡ್ ಟು ಕಮ್', ಆಗಿಹೋದದ್ದಕ್ಕೆ 'ಡಿನೈಡ್ ಟೇಕಿಂಗ್ ಇಟ್'.

ಐದನೆಯದರಲ್ಲಿ ಗೊತ್ತು, ಗೊತ್ತಾಯಿತು ಎರಡನ್ನೂ ನೋ ಮೇಲೆ ಹೇರಿದ್ದೀರಿ. ನೋ ಒಂದು ಸ್ಥಿತಿ. ಗೊತ್ತಾದ ಗಳಿಗೆಗೆ ಫೈಂಡ್ ಔಟ್ ಅಥವಾ ಲರ್ನ್: 'ಐ ಫೌಂಡ್ ಔಟ್ ಯೆಸ್ಟರ್‌ಡೇ'. ನೀವು ಬರೆದದ್ದನ್ನು ಓದಿದವರು 'ನಿನ್ನೆ ಹೊತ್ತಿಗೇ ನನಗೆ ಗೊತ್ತಿತ್ತು' ಎಂದು ತಿಳಿಯುತ್ತಾರೆ. ಹಾಕಿಕೊಂಡ, ಹಾಕಿಕೊಂಡಿದ್ದಾನೆ ಎಂಬುದೂ ಇದೇ ಜಾತಿ. ಬಟ್ಟೆ ತೊಡುವ ಕ್ರಿಯೆ ಪುಟ್ ಆನ್, ಮೈಮೇಲೆ ಇರುವ ಸ್ಥಿತಿ ವೇರ್. ಕನ್ನಡದಲ್ಲಿ ಕೊನೆಗೆ 'ಇದ್ದಾನೆ' ಬಂದರೆ ವೇರಿಂಗ್.

ಆರನೆಯದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅರ್ಥ ಪೂರ್ತಿ ತಿರುಗಿಬಿದ್ದಿದೆ. 'ಐ ಡೌಟ್ ದಟ್ ಹೀ ಸ್ಟೋಲ್ ಇಟ್' ಅಂದರೆ ಅವನು ಕದ್ದಿರಲಾರ ಎಂದು ನನಗನ್ನಿಸುತ್ತದೆ ಎಂದರ್ಥ. ನೀವು ಹೇಳಹೊರಟದ್ದು ಅವನೇ ಕದ್ದಿದ್ದಾನೆ ಅನ್ನಿಸುತ್ತದೆ ಎಂದು. ಅದಕ್ಕೆ ಸಸ್ಪೆಕ್ಟ್ ಬೇಕು: 'ಐ ಸಸ್ಪೆಕ್ಟ್ ದಟ್ ಹೀ ಸ್ಟೋಲ್ ಇಟ್'. ಡೌಟ್ 'ಆಗಿರಲಿಕ್ಕಿಲ್ಲ' ಎಂಬ ಕಡೆಗೆ ವಾಲುತ್ತದೆ, ಸಸ್ಪೆಕ್ಟ್ 'ಆಗಿರಬೇಕು' ಎಂಬ ಕಡೆಗೆ. ಕನ್ನಡದ 'ಅನುಮಾನ' ಎರಡಕ್ಕೂ ಸಲ್ಲುತ್ತದೆ, ಆದರೆ ಅದರ ಹಿಂದಿನ ಪದ ಗುಟ್ಟು ಬಿಟ್ಟುಕೊಡುತ್ತದೆ. 'ಕದ್ದಿದ್ದಾನೆ ಅಂತ ಅನುಮಾನ' ಎಂದು 'ಅಂತ' ಬಂದರೆ ಸಸ್ಪೆಕ್ಟ್. 'ಬರೋದು ಅನುಮಾನ', 'ಬರ್ತಾನೋ ಇಲ್ವೋ ಅನುಮಾನ' ಎಂದರೆ ಡೌಟ್. ದೂರು, ವರದಿ, ಕಚೇರಿಯ ಪತ್ರ ಬರೆಯುವಾಗ ಈ ಜೋಡಿಯನ್ನು ಎರಡು ಸಲ ಓದಿಯೇ ಕಳಿಸಿ. ಬೇರೆ ತಪ್ಪುಗಳನ್ನು ಓದುವವರು ಊಹಿಸಿ ಸರಿಮಾಡಿಕೊಳ್ಳುತ್ತಾರೆ. ಇದನ್ನು ಊಹಿಸಲು ಆಗುವುದಿಲ್ಲ, ಏಕೆಂದರೆ ತಪ್ಪು ವಾಕ್ಯವೂ ಅಷ್ಟೇ ಸಲೀಸಾದ ಇಂಗ್ಲಿಷ್.

ನಿಘಂಟಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಅಂಥವುಗಳಲ್ಲಿ ಸಾಮಾನ್ಯವಾಗಿ ಕ್ರಿಯಾಪದದ ಪಕ್ಕ ಟಿ ಅಥವಾ ಐ ಎಂಬ ಗುರುತು ಇರುತ್ತದೆ. ಟಿ ಅಂದರೆ ಸಕರ್ಮಕ, ಐ ಅಂದರೆ ಅಕರ್ಮಕ. ರೈಜ್ ತೆರೆದರೆ ಐ, ರೇಜ್ ತೆರೆದರೆ ಟಿ. ಅರ್ಥ ಓದುವ ಮೊದಲು ಆ ಗುರುತು, ಆಮೇಲೆ ದಪ್ಪ ಅಕ್ಷರದಲ್ಲಿ ಕೊಟ್ಟ ಜೊತೆಪದ, ಕೊನೆಗೆ ಕನಿಷ್ಠ ಎರಡು ಉದಾಹರಣೆ ವಾಕ್ಯ ಓದಿ.

ಪ್ರಶ್ನೆ ಕೇಳಿದವರಿಂದ

ಮಾಡಲ್ಲ–ಮಾಡಿಲ್ಲ ಇನ್ನು ಮರೆಯಲಾರೆ. ಕೊನೆಯದಾಗಿ ಒಂದು: ತರು, ಒಯ್ಯಿ ಎಂಬುದಕ್ಕೆ ಬ್ರಿಂಗ್, ಟೇಕ್ ಹೇಗೆ ಆರಿಸುವುದು? 'ನಿಮ್ಮ ಮನೆಗೆ ಬರುವಾಗ ಪುಸ್ತಕ ತರ್ತೀನಿ' ಎಂಬಲ್ಲಿ ಯಾವುದು?

ಉತ್ತರ 2 ಬರೆದವರಿಂದ

ಬ್ರಿಂಗ್. ಇಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಒಂದೇ ದಾರಿಯಲ್ಲಿವೆ. ಕೇಳುವವರು ಇರುವ ಕಡೆಗೆ ನಾವು ಹೋದರೂ 'ಬರ್ತೀನಿ, ತರ್ತೀನಿ' ಅನ್ನುತ್ತೇವೆ, ಅವರೂ 'ಐ ವಿಲ್ ಕಮ್', 'ಐ ವಿಲ್ ಬ್ರಿಂಗ್' ಅನ್ನುತ್ತಾರೆ. ಹೇಳುವವರಿಗೂ ಕೇಳುವವರಿಗೂ ಸಂಬಂಧವಿಲ್ಲದ ಮೂರನೆಯ ಜಾಗಕ್ಕೆ ಒಯ್ದರೆ ಟೇಕ್. ಹೋಗಿ ಎತ್ತಿಕೊಂಡು ವಾಪಸ್ ಬರುವುದಿದ್ದರೆ ಫೆಚ್. ಬೀಳ್ಕೊಡುವಾಗಿನ 'ಹೋಗಿ ಬರ್ತೀನಿ'ಯನ್ನು ಮಾತ್ರ 'ಐ ವಿಲ್ ಗೋ ಅಂಡ್ ಕಮ್' ಮಾಡಬೇಡಿ. ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬರುವುದಾದರೆ 'ಐ ವಿಲ್ ಬಿ ಬ್ಯಾಕ್', ಹೊರಟೇಬಿಟ್ಟಿರಿ ಎಂದಾದರೆ 'ಐ ಆಮ್ ಆಫ್'.